ರಾನಿ ಬಾರ್ಕರ್ ಬೇರೆ ಹೆಸರಲ್ಲಿ ಬರೆದದ್ದು ಯಾಕೆ?

ಪ್ರಶ್ನೆ: ಬ್ರಿಟನ್ನಿನ ಟಿವಿಯಲ್ಲಿ ಅಷ್ಟು ಹೆಸರು ಮಾಡಿದ್ದ ಹಾಸ್ಯನಟ, ಜೆರಾಲ್ಡ್ ವೈಲಿ ಅಂತ ಹೆಸರು ಹಾಕಿ ತಾವು ನಟಿಸುತ್ತಿದ್ದ ಟಿವಿ ಕಾರ್ಯಕ್ರಮಕ್ಕೇ ಸ್ಕೆಚ್ (ಪುಟ್ಟ ಹಾಸ್ಯ ಪ್ರಹಸನ) ಬರೆದು ಕಳಿಸುತ್ತಿದ್ದರಂತೆ. ಏನಿತ್ತು ಅಂಥ ದರ್ದು?

ಉತ್ತರ 1: ಸ್ಟಾರ್ ಬರೆದದ್ದು ಅಂದರೆ ಎಲ್ಲರೂ ಸುಮ್ನೆ ತಲೆಯಾಡಿಸುತ್ತಾರೆ, ಅಲ್ವಾ? ಚೆನ್ನಾಗಿದ್ದರೆ ಮಾತ್ರ ತಗೊಳ್ಳಲಿ ಅನ್ನೋ ಹಟ. ಈ ವೈಲಿ ಯಾರಪ್ಪಾ ಅಂತ ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ತಂಡವನ್ನೆಲ್ಲ ಚೈನೀಸ್ ಹೋಟೆಲಿಗೆ ಊಟಕ್ಕೆ ಕರೆಸಿ, ಎದ್ದು ನಿಂತು ನಾನೇ ವೈಲಿ ಅಂದರು. ಮೊದಲು ಯಾರೂ ನಂಬಲೇ ಇಲ್ಲ!

ಉತ್ತರ 2: ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಅವರು ರಿಟೈರ್ ಆದ ರೀತಿ. 1987ರಲ್ಲಿ, ಇನ್ನೂ 60 ತುಂಬಿರಲಿಲ್ಲ, ಬೇಡಿಕೆಯೂ ಇತ್ತು, ಎಲ್ಲ ಬಿಟ್ಟು ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ ಊರಿನಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟರು. ಲಾಭ ಮಾತ್ರ ಆಗಲಿಲ್ಲ.

ಉತ್ತರ 3: ಮೊದಲು ಅವರ 'ಪಾರಿಜ್' ಅನ್ನೋ ಟಿವಿ ಹಾಸ್ಯ ಧಾರಾವಾಹಿ ನೋಡಿ. ಬರೆದವರು ಬೇರೆ, ಆದರೆ ಜೈಲುಹಕ್ಕಿ ಫ್ಲೆಚರ್ ಪಾತ್ರದಲ್ಲಿ ಬಾರ್ಕರ್ ಬಿಟ್ಟು ಇನ್ಯಾರನ್ನೂ ಊಹಿಸೋಕಾಗಲ್ಲ.