ಸ್ಟೀಮ್ ಜಾಕೆಟ್ ಕೆಟಲ್: ಲೆಕ್ಕದಲ್ಲಿ 10 ನಿಮಿಷ, ನಿಜದಲ್ಲಿ 40

ತೋತಾಪುರಿ: ಶ್ರೀನಿವಾಸಪುರದ ಹತ್ತಿರ ನಮ್ಮದು ಸಣ್ಣ ಮಾವಿನ ಪಲ್ಪ್ ಘಟಕ. 500 ಲೀಟರ್ ಕೆಟಲ್, ಹೊರಗೆ ಸ್ಟೀಮ್ ತುಂಬುವ ಎರಡನೇ ಗೋಡೆ (ಜಾಕೆಟ್), 1 ಮೀಟರ್ ವ್ಯಾಸ, ಅಡಿ ಅರ್ಧಗೋಳ, ಮೇಲೆ ನೆಟ್ಟಗಿನ ಗೋಡೆ, ಒಳಗೆ ಕಲಕಲು ಆಂಕರ್ (ಲಂಗರಿನ ಆಕಾರದ) ಸ್ಟಿರರ್. ಸ್ಟೀಮ್ ಗೇಜ್ 3 ಬಾರ್. ಪಲ್ಪ್ 25 ಡಿಗ್ರಿಯಿಂದ 90ಕ್ಕೆ ಏರಬೇಕು. ಟೇಬಲ್ ನೋಡಿ ಯು-ವ್ಯಾಲ್ಯೂ (ಗೋಡೆಯ ಪ್ರತಿ ಚದರ ಮೀಟರ್, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಅನ್ನೋದು) 1000, ವಿಸ್ತೀರ್ಣ 2.5 ಚದರ ಮೀಟರ್ ಹಾಕಿದೆ. 10 ನಿಮಿಷ ಬಂತು. ಕೆಟಲ್ ಮಾತ್ರ 40 ನಿಮಿಷ ತೆಗೆದುಕೊಳ್ಳುತ್ತದೆ. ದೊಡ್ಡ ಬಾಯ್ಲರ್ ಹಾಕಿಸಿ ಅಂತ ಸಪ್ಲೈಯರ್ ಹೇಳುತ್ತಿದ್ದಾರೆ. ಬೇಕಾ?

ಹಳೇ ಫಿಟ್ಟರ್: ಬಾಯ್ಲರ್ ವಿಷಯ ಆಮೇಲೆ. ಜಾಕೆಟ್ ಎಲ್ಲಿಯವರೆಗೆ ಇದೆ, ಮೊದಲು ಅದು ಹೇಳಿ.

ತೋತಾಪುರಿ: ಅರ್ಧಗೋಳಕ್ಕೆ ಮಾತ್ರ. ನೆಟ್ಟಗಿನ ಗೋಡೆಗೆ ಇಲ್ಲ.

ಹಳೇ ಫಿಟ್ಟರ್: ಹಾಗಾದರೆ ಬಿಸಿಯಾಗುವ ವಿಸ್ತೀರ್ಣ ಬರೀ 1.57 ಚದರ ಮೀಟರ್. ಇನ್ನು ಆ 1000 ಅನ್ನೋದು ನೀರಿನಂಥ ತೆಳು ದ್ರವಕ್ಕೆ. ಪಲ್ಪ್‌ಗೆ ಟೇಬಲ್ ನಂಬಬೇಡಿ, ನಿಮ್ಮ ಕೆಟಲನ್ನೇ ಕೇಳಿ. ಸೂತ್ರ ಗೊತ್ತಲ್ವಾ:

ಸಮಯ = (ತೂಕ × ವಿಶಿಷ್ಟ ಶಾಖ) ÷ (ಯು × ವಿಸ್ತೀರ್ಣ) × ನ್ಯಾಚುರಲ್ ಲಾಗ್ [(144 − 25) ÷ (144 − 90)]

3 ಬಾರ್ ಗೇಜ್‌ನಲ್ಲಿ ಸ್ಟೀಮ್ ಸುಮಾರು 144 ಡಿಗ್ರಿ. ಲಾಗ್ 0.79. ಪಲ್ಪ್ 500 ಕಿಲೋ, ವಿಶಿಷ್ಟ ಶಾಖ (ಒಂದು ಕಿಲೋ ಒಂದು ಡಿಗ್ರಿ ಏರಲು ಬೇಕಾದ ಶಾಖ) 3.7 ಕಿಲೋಜೂಲ್, ಅಂದರೆ 3700 ಜೂಲ್ ಅಂತಿಟ್ಟುಕೊಳ್ಳಿ. ಸಮಯದ ಜಾಗದಲ್ಲಿ 2400 ಸೆಕೆಂಡ್ ಹಾಕಿ ಹಿಂದಕ್ಕೆ ಬಂದರೆ ಯು 390ರ ಹತ್ತಿರ ಸಿಗುತ್ತದೆ. ಗಟ್ಟಿ ಪಲ್ಪ್‌ಗೆ ಅದೇನೂ ವಿಚಿತ್ರವಲ್ಲ.

ಬಾಯ್ಲರ್‌ಗೂ ಇದೇ ಲೆಕ್ಕ ಸಾಕು. ಶುರುವಿನಲ್ಲಿ ಕೆಟಲ್ ಎಳೆಯುವುದು ಗಂಟೆಗೆ 120 ಕಿಲೋ ಸ್ಟೀಮ್, ಕೊನೆಗೆ 55. ಲೋಹ ಬಿಸಿಯಾಗಲು, ಪೈಪ್ ನಷ್ಟಕ್ಕೆ ಸ್ವಲ್ಪ ಸೇರಿಸಿ. ಅಷ್ಟು ಕೊಟ್ಟೂ ಗೇಜ್ 3ರಲ್ಲೇ ನಿಂತಿದ್ದರೆ ದೊಡ್ಡದು ತಂದು ಸುಮ್ನೆ ದುಡ್ಡು ದಂಡ.

ಟ್ರ್ಯಾಪ್ ಪ್ರೇಮಿ: ಗೇಜ್ 3 ತೋರಿಸಿದ ಮಾತ್ರಕ್ಕೆ ಒಳಗೆ 144 ಇದೆ ಅಂತಲ್ಲ. ಜಾಕೆಟ್‌ನಲ್ಲಿ ಕಾಲು ಭಾಗ ಗಾಳಿ ಉಳಿದಿದ್ದರೆ ಸ್ಟೀಮ್ 133–134 ಡಿಗ್ರಿಗೆ ಇಳಿಯುತ್ತದೆ, ಗೇಜ್‌ಗೆ ಅದು ಗೊತ್ತೇ ಆಗಲ್ಲ. ಸ್ಟೀಮ್ ಒಳಬರುವ ಕಡೆಯಿಂದ ದೂರದ ತುದಿಯಲ್ಲಿ ಏರ್ ವೆಂಟ್ ಇದೆಯಾ? ಟ್ರ್ಯಾಪ್ ಅಂದರೆ ಸ್ಟೀಮ್ ಹಿಡಿದಿಟ್ಟು, ಸ್ಟೀಮ್ ತಣಿದು ಆದ ನೀರನ್ನು ಹೊರಬಿಡುವ ವಾಲ್ವ್. ಇನ್ವರ್ಟೆಡ್ ಬಕೆಟ್ ಟ್ರ್ಯಾಪ್ ಗಾಳಿ ಬಿಡುವುದು ತುಂಬಾ ನಿಧಾನ. ಏರ್ ವೆಂಟ್ ಇರುವ ಫ್ಲೋಟ್ ಟ್ರ್ಯಾಪ್ ವಾಸಿ.

ತೋತಾಪುರಿ: ಇರುವುದು ಬಕೆಟ್ ಟ್ರ್ಯಾಪೇ. ವೆಂಟ್ ಇಲ್ಲ. ತಪ್ಪು ಜಾಕೆಟ್‌ನದೋ ಪಲ್ಪ್‌ನದೋ ಅಂತ ಹೇಗೆ ಗೊತ್ತಾಗುತ್ತದೆ?

ಹಳೇ ಫಿಟ್ಟರ್: 500 ಲೀಟರ್ ನೀರು ತುಂಬಿ, ಸ್ಟಿರರ್ ಹಾಕಿ, ಎರಡು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ. 20 ನಿಮಿಷದ ಆಸುಪಾಸಿನಲ್ಲಿ 90 ಮುಟ್ಟಿದರೆ ಯು ಸುಮಾರು 900, ಜಾಕೆಟ್ ಚೆನ್ನಾಗಿದೆ. ಆಗ ದುಡ್ಡನ್ನು ಗೋಡೆ ಕೆರೆಯುವ ಸ್ಕ್ರೇಪರ್‌ಗೆ ಹಾಕಿ. ಆಂಕರ್‌ಗೂ ಗೋಡೆಗೂ ನಡುವೆ ಕೂರುವ ಪಲ್ಪ್ ಪದರವೇ ಶಾಖ ತಡೆಯುತ್ತಿರುತ್ತದೆ. ನೀರೂ ಅರ್ಧ ಗಂಟೆ ಮೀರಿದರೆ ಮೊದಲು ಟ್ರ್ಯಾಪ್ ಬದಲಿಸಿ. ಒತ್ತಡ ಮಾತ್ರ ಜಾಸ್ತಿ ಮಾಡಬೇಡಿ. ಮಾವು ಅಡಿ ಹಿಡಿದರೆ ಬಣ್ಣ ಹೋಗುತ್ತದೆ, ಕೊಳ್ಳುವವರು ಲಾಟೇ ವಾಪಸ್ ಕಳಿಸುತ್ತಾರೆ.