ಸಹಾಯ ಬೇಕು: ಕೋಟಿಂಗ್ ಹೊಡೆಸಿದ ಜಂಬಿಟ್ಟಿಗೆ ಗೋಡೆಗೆ ಪಾಚಿ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಮನೆಯ ಹೊರಗೋಡೆ ಜಂಬಿಟ್ಟಿಗೆಯದು, ಗಿಲಾವು ಇಲ್ಲ. ಕೆಲವು ವರ್ಷದ ಹಿಂದೆ ಅದಕ್ಕೆ ಮಿರುಗುವ ಅಕ್ರಿಲಿಕ್ ಕೋಟಿಂಗ್ ಹೊಡೆಸಿದೆವು. ಈಗ ಬಿಸಿಲು ಬೀಳದ ಉತ್ತರದ ಗೋಡೆ ಮೊಣಕಾಲೆತ್ತರಕ್ಕೆ ಕಪ್ಪಾಗಿದೆ. ಉಗುರಿನಲ್ಲಿ ಕೆರೆದರೆ ಕೋಟಿಂಗ್ ಹಾಳೆಯಂತೆ ಏಳುತ್ತದೆ. ಅದರ ಅಡಿಯಲ್ಲೇ ಹಸಿ ಹಸಿ ಪಾಚಿ! ಮೇಲಿನ ಸಾಲುಗಳಲ್ಲಿ ಬೂದು ಬಣ್ಣದ ಕಲ್ಲುಹೂವು ಬೇರೆ.

ಜಂಬಿಟ್ಟಿಗೆ ತೂತು ತೂತಿನ ಕಲ್ಲು, ಬುಡದಿಂದ ನೀರು ಹೀರುತ್ತದೆ. ಕೋಟಿಂಗ್ ಇರುವುದರಿಂದ ಆ ತೇವ ಆರುವುದಿಲ್ಲ, ಬೆಳಕು ಮಾತ್ರ ಒಳಗೆ ಹೋಗುತ್ತದೆ. ಪಾಚಿಗೆ ಇಷ್ಟು ಸಾಕಲ್ವಾ?

ಬ್ಲೀಚಿಂಗ್ ಪೌಡರ್, ಆಸಿಡ್ ಹಾಕಿ ತೊಳೆಯಿರಿ ಅಂತ ಸಲಹೆ ಬಂದಿದೆ. ನನಗೆ ಒಪ್ಪಿಗೆಯಿಲ್ಲ. ಅವುಗಳಿಂದಾಗುವ ಉಪ್ಪು ಕಲ್ಲಿನೊಳಗೆ ಉಳಿದರೆ ಆಮೇಲೆ ಮೇಲ್ಮೈ ಪುಡಿ ಪುಡಿಯಾಗಿ ಉದುರುತ್ತದೆ. ಜೋರು ನೀರು ಹೊಡೆಯುವ ಪ್ರೆಶರ್ ವಾಷರ್ ಕೂಡ ಬೇಡ, ಮೆತ್ತಗಿನ ಕಲ್ಲು ಕಿತ್ತುಬರುತ್ತದೆ.

ಕಲ್ಲಿಗೆ ಪೆಟ್ಟಾಗದಂತೆ ಹಳೇ ಕೋಟಿಂಗ್ ತೆಗೆಯುವುದು ಹೇಗೆ? ಪಾಚಿ ಕೊಲ್ಲುವ ಬೆಂಜಾಲ್ಕೋನಿಯಂ ಕ್ಲೋರೈಡ್ ದ್ರಾವಣ ಹಚ್ಚಿ, ಪಾಚಿ ಸತ್ತ ಮೇಲೆ ನೈಲಾನ್ ಬ್ರಷ್‌ನಲ್ಲಿ ಉಜ್ಜಿದವರು ಯಾರಾದರೂ ಇದ್ದೀರಾ? ಆಮೇಲೆ ಮಳೆನೀರು ತಡೆದು ಆವಿ ಹೊರಗೆ ಬಿಡುವ ಸಿಲೇನ್-ಸಿಲಾಕ್ಸೇನ್ ದ್ರಾವಣ ಹೊಡೆಯಬೇಕಾ, ಸುಮ್ನೆ ಹಾಗೇ ಬಿಡಬೇಕಾ? ಮಲೆನಾಡಿನ ಮಳೆಯಲ್ಲಿ ಮಾಡಿ ನೋಡಿದವರ ಅನುಭವ ಬೇಕು. ಈ ಬೇಸಿಗೆಯಲ್ಲೇ ಕೆಲಸ ಮುಗಿಸಬೇಕು, ದಯವಿಟ್ಟು ತಿಳಿಸಿ.