‘ಸ್ಫೋಟ ನಿರೋಧಕ’ವೋ, ‘ಸ್ಫೋಟ ತಾಳುವ’ ಕಟ್ಟಡವೋ?

ಗೆಳೆಯರೇ, ನಮಸ್ಕಾರ.

ನಾನು ಮುಂಬೈಯಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ರಾಯಭಾರ ಕಚೇರಿಗಳನ್ನು ಹೇಗೆ ಕಟ್ಟುತ್ತಾರೆ ಅಂತ ಮಾಟುಂಗದ ಕನ್ನಡ ಗೆಳೆಯರಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. 2011ರಲ್ಲಿ ಅಮೆರಿಕದ ಕಾನ್ಸುಲೇಟ್ ಬ್ರೀಚ್ ಕ್ಯಾಂಡಿಯಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ ಬಂತಲ್ಲ, ವೀಸಾಕ್ಕೆ ಹೋಗಿ ಬಂದವರು ಆಗಾಗ ಇದನ್ನೇ ಕೇಳುತ್ತಾರೆ. ಆದರೆ ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ.

‘ಬ್ಲಾಸ್ಟ್ ರೆಸಿಸ್ಟೆಂಟ್’ಗೆ ‘ಸ್ಫೋಟ ನಿರೋಧಕ’ ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ‘ಜಲನಿರೋಧಕ’ ಅಂದರೆ ನೀರು ಒಳಗೆ ಬರುವುದೇ ಇಲ್ಲ ಅಂತ ಅಲ್ವಾ? ಇಲ್ಲಿ ಹಾಗಲ್ಲ. ಗೋಡೆ ಬಿರಿಯಬಹುದು, ಕಂಬ ಬಾಗಬಹುದು. ಒಂದು ಕಂಬ ಹೋದರೂ ಅದರ ಭಾರವನ್ನು ಉಳಿದವು ಹೊರಬೇಕು, ಒಳಗಿದ್ದವರು ಜೀವಂತ ಹೊರಗೆ ಬರಬೇಕು. ಗಾಜೂ ಅಷ್ಟೇ. 1998ರಲ್ಲಿ ನೈರೋಬಿಯ ಅಮೆರಿಕ ರಾಯಭಾರ ಕಚೇರಿಯ ಮೇಲೆ ಬಾಂಬ್ ದಾಳಿ ಆದಾಗ, ಮೊದಲ ಸದ್ದು ಕೇಳಿ ಕಿಟಕಿಗೆ ಓಡಿ ಬಂದ ಎಷ್ಟೋ ಜನರ ಕಣ್ಣು ಗಾಜಿನ ಚೂರಿನಿಂದಲೇ ಹೋಯಿತು. ಅದಕ್ಕೇ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಕೂರಿಸುತ್ತಾರೆ. ಗಾಜು ಒಡೆಯುತ್ತದೆ, ಚೂರು ಹಾಳೆಗೇ ಅಂಟಿಕೊಳ್ಳುತ್ತದೆ. ಇದು ತಡೆಯುವುದಲ್ಲ, ತಾಳುವುದು. ‘ತಾಳಿದವನು ಬಾಳಿಯಾನು’ ಅನ್ನುವಾಗಿನ ‘ತಾಳು’ ಇದೇ. ಹಾಗಾಗಿ ‘ಸ್ಫೋಟ ತಾಳುವ ಕಟ್ಟಡ’ ಅಂತ ಬರೆದಿದ್ದೇನೆ.

(ಹೊರಗಿನ ಗಡಿಗೂ ಕಟ್ಟಡಕ್ಕೂ ನಡುವೆ 100 ಅಡಿ ಬಿಡಬೇಕು ಅಂತ 1999ರ ಅಮೆರಿಕದ ಕಾನೂನು ಹೇಳಿತ್ತು. ಆ ಜಾಗಕ್ಕೆ ‘ತೆರಪು’ ಸಾಕು ಅನ್ನಿಸಿತು.)

ನಿಜವಾದ ತೊಡಕು ‘ಡಕ್ಟಿಲಿಟಿ’ಯದು, ಅಂದರೆ ತಟ್ಟನೆ ಮುರಿಯದೆ ಬಾಗುವ ಗುಣದ್ದು. ಪಠ್ಯಪುಸ್ತಕದಲ್ಲಿ ‘ತನ್ಯತೆ’ ಅಂತಿದೆ. ಸೈಟಿನಲ್ಲಿ ಆ ಮಾತು ಯಾರಿಗೂ ತಿಳಿಯುವುದಿಲ್ಲ. ಕಂಬದ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆಯನ್ನು 90 ಡಿಗ್ರಿಗೆ ಬಿಡದೆ 135 ಡಿಗ್ರಿವರೆಗೂ ಒಳಕ್ಕೆ ಬಗ್ಗಿಸಬೇಕು ಅಂದಾಗ, ಯಾದಗಿರಿ ಕಡೆಯ ಬಾರ್ ಬೆಂಡರ್ ಒಬ್ಬರು ಯಾಕೆ ಅಂತ ಕೇಳಿದರು. ರಿಂಗು ಬಿಚ್ಚಿಕೊಂಡರೆ ಕಂಬ ಹೀಗಾಗುತ್ತದೆ ಅಂತ ಒಂದು ಸೀಮೆಸುಣ್ಣ ಮುರಿದು ತೋರಿಸಿದೆ, ಲಟಕ್ ಅಂತು. ಆಮೇಲೆ, ಕಂಬ ಹೀಗಿರಬೇಕು ಅಂತ ಕಟ್ಟುವ ತಂತಿ ಬಗ್ಗಿಸಿದೆ. ‘ಇದು ಬಾಗ್ತದ್ರಿ, ಮುರಿಯಂಗಿಲ್ಲ’ ಅಂದರು. ನನಗೆ ಬೇಕಾಗಿದ್ದ ಅರ್ಥ ಪೂರ್ತಿ ಅದರಲ್ಲೇ ಇತ್ತು.

ಅದನ್ನು ಒಂದೇ ಪದದಲ್ಲಿ ಹೇಳುವುದು ಹೇಗೆ? ‘ಬಳುಕು’ ಸರಿ ಬರುವುದಿಲ್ಲ, ಬಳುಕಿದ್ದು ಮತ್ತೆ ನೆಟ್ಟಗಾಗುತ್ತದೆ. ‘ಮಣಿ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಸೋತ ಭಾವ ಜಾಸ್ತಿ. ಬಾಗಿ ಹಾಗೇ ಉಳಿಯಬೇಕು, ಆದರೂ ಭಾರ ಹೊತ್ತೇ ಇರಬೇಕು. ನಿಮ್ಮೂರಿನ ಕಮ್ಮಾರರು ಕಬ್ಬಿಣ ಬಗ್ಗಿಸುವಾಗ, ಮೇದಾರರು ಬಿದಿರು ಸೀಳುವಾಗ ಇಂಥ ಗುಣಕ್ಕೆ ಏನಾದರೂ ಹೇಳುತ್ತಾರಾ? ಕೇಳಿದ ನೆನಪಿದ್ದರೆ, ಯಾವ ಕಡೆಯ ಮಾತು ಅನ್ನುವುದನ್ನೂ ಸೇರಿಸಿ ಬರೆಯಿರಿ.